ಶುಶ್ರೂಷೆಯ ಮೂಲಪಾಠ: ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆ

ಗಡಿಯ ಎರಡೂ ಬದಿ

1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಈಗ ಮೊದಲೆರಡು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿವೆ. ನಕಾಶೆ ಬದಲಾದರೂ ಬೀಗತನ ಹಾಗೇ ಉಳಿಯಿತು. ಬೇನೆ ಬಿದ್ದವರು ಬೀದರಿಗೂ ಹೋಗುತ್ತಾರೆ, ಹೈದರಾಬಾದಿಗೂ ಹೋಗುತ್ತಾರೆ. ಹೀಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗುವ ರೋಗಿಯ ಮಟ್ಟಿಗೆ, ನರ್ಸ್ ಕಂಡದ್ದು ಮತ್ತು ಬರೆದಿಟ್ಟದ್ದು ಔಷಧದಷ್ಟೇ ಮುಖ್ಯ.

ನಾಡಿ, ಉಸಿರು

ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20, ಮೈಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. ಬಿ.ಪಿ.ಯನ್ನು ಯಂತ್ರ ಹೇಳುತ್ತದೆ. ಉಸಿರನ್ನು ಕಣ್ಣಿಂದ ಎಣಿಸಬೇಕು. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆ. ಅದಕ್ಕೇ ಅನುಭವಿ ಸಿಸ್ಟರ್ ನಾಡಿ ನೋಡಿ ಮುಗಿದರೂ ಮಣಿಕಟ್ಟು ಬಿಡುವುದಿಲ್ಲ. ಪೂರ್ತಿ ಒಂದು ನಿಮಿಷ ಅವರ ಕಣ್ಣು ಎದೆಯ ಏರಿಳಿತದ ಮೇಲಿರುತ್ತದೆ. ತಾಂಡೂರಿನ ಕಲ್ಲುಗಣಿ, ಪಾಲಿಶ್ ಘಟಕಗಳ ದೂಳಿನಲ್ಲಿ ದುಡಿದವರ ವಿಷಯದಲ್ಲಿ ಇದನ್ನು ಅಂದಾಜಿಗೆ ಬಿಡುವಂತಿಲ್ಲ. ದಮ್ಮು ಹತ್ತಿದವರನ್ನು ಅಂಗಾತ ಮಲಗಿಸದೆ, ಬೆನ್ನಿಗೆ ದಿಂಬು ಕೊಟ್ಟು ಒರಗಿಸಿ ಕೂರಿಸಬೇಕು.

ಕೈ ತೊಳೆಯುವುದು

ನರ್ಸ್ ಆಗಾಗ ಕೈ ತೊಳೆಯಬೇಕೆಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಒತ್ತಿ ಹೇಳಿದ್ದರು. ಸೋಪಿನಿಂದಾದರೆ 40ರಿಂದ 60 ಸೆಕೆಂಡು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರ ಹತ್ತಿರ ಹೋಗುವ ಮುನ್ನ ತೊಳೆಯಲೇಬೇಕು. ಕೈಗವಸು ಹಾಕಿಕೊಂಡರೂ ಇದು ತಪ್ಪುವುದಿಲ್ಲ.

ಹಾಸಿಗೆ ಹಿಡಿದವರು

ಲಕ್ವ ಹೊಡೆದವರು, ಸೊಂಟ ಮುರಿದ ಮುದುಕಿಯರು ಕೊನೆಗೆ ಊರಿಗೇ ಮರಳುತ್ತಾರೆ, ಆಮೇಲಿನ ಆರೈಕೆ ಸೊಸೆ, ಮಗಳ ಹೆಗಲಿಗೆ ಬೀಳುತ್ತದೆ. ಅವರಿಗೆ ಕಲಿಸುವುದೂ ನರ್ಸಿಂಗ್ ಕೆಲಸವೇ, ಅದಕ್ಕೆ ಸಮಯ ಕೊಡುವವರು ಕಡಿಮೆ. ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ಎಳೆಯಬಾರದು, ಇಬ್ಬರು ಸೇರಿ ದುಪ್ಪಟಿ ಹಿಡಿದು ಎತ್ತಬೇಕು, ಎಳೆದರೆ ಚರ್ಮ ಕಿತ್ತುಬರುತ್ತದೆ. ಬೆನ್ನಿನ ಕೆಳಗೆ, ಸೊಂಟದ ಬದಿಗೆ, ಹಿಮ್ಮಡಿಗೆ ಕೆಂಪು ಕಂಡರೆ ಬೆರಳಿಂದ ಒತ್ತಿ ಬಿಡಿ. ಕೆಂಪು ಮಾಸಿ ಮತ್ತೆ ಮರಳಿದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಮಾಸದಿದ್ದರೆ ಅದು ಒತ್ತಡದ ಹುಣ್ಣಿನ ಮೊದಲ ಹಂತ. ಕಪ್ಪು ಮೈಯಲ್ಲಿ ಕೆಂಪು ಕಾಣದು, ಅಲ್ಲಿ ಬಿಸಿ, ಗಡಸುತನ, ನೋವನ್ನು ನೋಡಬೇಕು. ಆ ಜಾಗವನ್ನು ಸ್ಪಿರಿಟ್ ಹಾಕಿ ತಿಕ್ಕುವ ಹಳೆಯ ರೂಢಿ ಕೆಟ್ಟದ್ದು. ನಡುವೆ ತೂತಿರುವ ಉಂಗುರದ ದಿಂಬೂ ಬೇಡ. ಅದು ಸುತ್ತಲಿನ ರಕ್ತಸಂಚಾರಕ್ಕೆ ಅಡ್ಡಿ ಮಾಡುತ್ತದೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಟ್ಟರೆ ಸಾಕು.

ಔಷಧ

ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಹೊತ್ತು: ಐದನ್ನೂ ತಾಳೆ ನೋಡಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಬಸಮ್ಮ ಇರುವುದು ಈ ಸೀಮೆಯಲ್ಲಿ ದೊಡ್ಡ ಮಾತಲ್ಲ. “ನೀವು ಬಸಮ್ಮ ಏನ್ರಿ?” ಎಂದರೆ ಅರೆನಿದ್ದೆಯಲ್ಲಿರುವ ಯಾರಾದರೂ “ಹೂಂ” ಅಂದಾರು. “ನಿಮ್ಮ ಹೆಸರೇನ್ರಿ, ಗಂಡನ ಹೆಸರೇನು, ಯಾವ ಊರು?” ಎಂದು ಅವರ ಬಾಯಿಂದಲೇ ಹೇಳಿಸಿ, ಕೇಸ್ ಶೀಟಿನೊಡನೆ ಹೋಲಿಸಬೇಕು.

ಚೀಟಿ

ಬೇರೆ ಆಸ್ಪತ್ರೆಗೆ ಕಳಿಸುವಾಗ “ಬಿ.ಪಿ. ನಾರ್ಮಲ್” ಎಂದು ಬರೆದರೆ ಅಲ್ಲಿನವರಿಗೆ ಪ್ರಯೋಜನವಿಲ್ಲ, ಅಂಕಿ ಬೇಕು, ಅಳೆದ ಹೊತ್ತು ಬೇಕು. ಕೊಟ್ಟ ಇಂಜೆಕ್ಷನ್, ಅದರ ಪ್ರಮಾಣ, ಕೊನೆಯ ಡೋಸಿನ ಸಮಯ, ಒಗ್ಗದ ಔಷಧ, ಕಡೆಯ ಬಾರಿ ಮೂತ್ರ ಹೋದದ್ದು ಇಷ್ಟೂ ಇರಬೇಕು. ಜತೆಗಿರುವವರಿಗೆ ಕನ್ನಡವೋ ತೆಲುಗೋ ಉರ್ದುವೋ, ಅವರ ಮಾತಿನಲ್ಲೇ ವಿವರಿಸಬೇಕು. “ತಿಳೀತೇನ್ರಿ?” ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಗುಳಿಗೆ ಯಾವಾಗ ಕೊಡುತ್ತೀರಿ, ಏನು ಕಂಡರೆ ತಿರುಗಿ ಕರೆತರುತ್ತೀರಿ ಎಂದು ಅವರಿಂದಲೇ ಹೇಳಿಸಿ, ಆಮೇಲೆ ಗಾಡಿ ಹತ್ತಿಸಬೇಕು.