ನೆಟ್‌ವರ್ಕ್ ಸಂಗ್ರಹಕ್ಕೆ ಕಾಣದ ಯುಎಸ್‌ಬಿ ಡಿಸ್ಕ್

ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆಗೆ, ಬಳಸುವವರ ಬಾಯಲ್ಲಿ ‘ನಾಸ್’ಗೆ, ಯುಎಸ್‌ಬಿ ಮೂಲಕ ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿದಾಗ ಅದು ಪಟ್ಟಿಯಲ್ಲಿ ಮೂಡದಿರುವುದು ಆಗಾಗ ಎದುರಾಗುವ ತೊಂದರೆ. ಹೆಸರು ಒಂದಾದರೂ ಇದು ಒಂದೇ ದೋಷವಲ್ಲ. ಡಿಸ್ಕಿಗೆ ವಿದ್ಯುತ್ ಸಾಲದಿರಬಹುದು, ಯುಎಸ್‌ಬಿ ಸಂಪರ್ಕವೇ ಏರ್ಪಡದಿರಬಹುದು, ಸಂಪರ್ಕವಾದರೂ ಡಿಸ್ಕಿನ ಫೈಲ್ ಸಿಸ್ಟಮ್ ನಾಸ್‌ಗೆ ಓದಲು ಬಾರದಿರಬಹುದು, ಓದಲು ಬಂದರೂ ಹಂಚಿಕೆಯ ಅನುಮತಿ ಸಿಗದಿರಬಹುದು. ನಾಲ್ಕರಲ್ಲೂ ಬಳಕೆದಾರನ ಕಣ್ಣಿಗೆ ಬೀಳುವುದು ಒಂದೇ: ಡಿಸ್ಕ್ ಇಲ್ಲ. ಮೂರನೆಯ ಸಂದರ್ಭದಲ್ಲಿ ಮಾತ್ರ ಪರದೆ ತಾನೇ ಒಂದು ದಾರಿ ತೋರಿಸುತ್ತದೆ, ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ ಎಂದು ಕೇಳುತ್ತದೆ. ಇಂಥ ಪ್ರಕರಣಗಳಲ್ಲಿ ದತ್ತಾಂಶ ಹಾಳಾಗುವುದು ಮೂಲ ದೋಷದಿಂದ ಅಪರೂಪ, ಆ ಪ್ರಶ್ನೆಗೆ ಅವಸರದಲ್ಲಿ ಹೌದು ಎಂದು ಒತ್ತಿದ್ದರಿಂದಲೇ ಹೆಚ್ಚು.

ಹೊರ ಡಿಸ್ಕ್ ಏಕೆ ಬೇಕು

ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ರಾಜೋಳಿ ತುಂಗಭದ್ರೆಯ ದಂಡೆಯ ನೇಕಾರರ ಊರು, ಸುಂಕೇಸುಲ ಬ್ಯಾರೇಜಿಗೆ ಹತ್ತಿರದ್ದು. ಅಕ್ಟೋಬರ್ 2009ರ ನೆರೆಯಲ್ಲಿ, ಮಂತ್ರಾಲಯದ ಮಠದೊಳಗೂ ನೀರು ನುಗ್ಗಿದ ಅದೇ ನೆರೆಯಲ್ಲಿ, ಈ ಊರೂ ಮುಳುಗಿತು. ಗುಂಡಿಮಗ್ಗಕ್ಕೆ ನೀರು ತುಂಬಿದರೆ ಮರಕ್ಕೂ ನೂಲಿಗೂ ಆಗುವ ಹಾನಿ ಎಲ್ಲರಿಗೂ ಗೊತ್ತು. ಡಿಸ್ಕಿನಲ್ಲಿ ಇಟ್ಟದ್ದಕ್ಕೂ ಅದೇ ಅಪಾಯ. ಇಂದು ಗದ್ವಾಲ ಸೀರೆಯಂಥ ನೇಯ್ಗೆಯ ಅಂಚು, ಸೆರಗುಗಳ ವಿನ್ಯಾಸವನ್ನು ಜಕಾರ್ಡ್ ಕಾರ್ಡು ಕೊರೆಯುವ ಮೊದಲೇ ಕಂಪ್ಯೂಟರಿನಲ್ಲಿ ಗ್ರಾಫ್ ಆಗಿ ಬಿಡಿಸಿಡಬಹುದು. ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊಗಳ ದುಡಿಮೆಯಂತೂ ಪೂರ್ತಿ ಡಿಸ್ಕಿನಲ್ಲೇ ಇರುತ್ತದೆ. ನಾಸ್‌ನೊಳಗಿನ ಎರಡು ಡಿಸ್ಕುಗಳು ರೇಡ್ ವ್ಯವಸ್ಥೆಯಲ್ಲಿ ಒಂದರ ಪ್ರತಿ ಒಂದಾಗಿದ್ದರೂ ನೀರು ಬಂದಾಗ ಎರಡೂ ಒಟ್ಟಿಗೇ ಮುಳುಗುತ್ತವೆ. ಕೈಚೀಲದಲ್ಲಿ ಹಾಕಿಕೊಂಡು ರಾಯಚೂರಿನ ನೆಂಟರ ಮನೆಯ ಬೀರುವಿನಲ್ಲಿ ಇಡಬಹುದಾದದ್ದು ಯುಎಸ್‌ಬಿ ಡಿಸ್ಕ್ ಮಾತ್ರ.

ನೆರೆಯಷ್ಟೇ ಕಾರಣವಲ್ಲ. ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಕ್ಯೂನ್ಯಾಪ್ ಕಂಪನಿಯ ನಾಸ್ ಪೆಟ್ಟಿಗೆಗಳ ಮೇಲೆ 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್, 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶಗಳು ದಾಳಿ ಮಾಡಿ ಕಡತಗಳಿಗೆ ಬೀಗ ಜಡಿದವು. ಪ್ರತಿ ತೆಗೆದುಕೊಂಡ ಮೇಲೆ ಕಿತ್ತಿಟ್ಟ ಡಿಸ್ಕನ್ನು ಅಂಥ ತಂತ್ರಾಂಶ ತಲುಪಲಾರದು.

ಮೊದಲ ಎರಡು ಪರೀಕ್ಷೆ

ಡಿಸ್ಕನ್ನು ಕಿತ್ತು ಒಂದು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ನೋಡಬೇಕು. ಡ್ರೈವ್ ಅಕ್ಷರ ಬಾರದಿದ್ದರೂ ಅಲ್ಲಿ ಸರಿಯಾದ ಗಾತ್ರ ಕಂಡರೆ ಡಿಸ್ಕಿಗೆ ಜೀವ ಇದೆ ಎಂದರ್ಥ. ಅತ್ತ ನಾಸ್‌ನ ಅದೇ ಪೋರ್ಟಿಗೆ ಒಂದು ಸಾದಾ ಪೆನ್‌ಡ್ರೈವ್ ಹಾಕಬೇಕು. ಅದು ಕಂಡರೆ ಪೋರ್ಟ್ ಸರಿಯಿದೆ. ಇಷ್ಟಕ್ಕೆ ತೊಂದರೆ ಡಿಸ್ಕಿನದೋ ಪೆಟ್ಟಿಗೆಯದೋ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಎರಡೂ ಬೇರೆ ಬೇರೆಯಾಗಿ ಸರಿಯಿದ್ದು ಕೂಡಿದಾಗ ಮಾತ್ರ ಕೆಲಸ ನಿಲ್ಲುತ್ತಿದ್ದರೆ, ಅನುಮಾನ ವಿದ್ಯುತ್ತಿನ ಮೇಲೆ ಇಲ್ಲವೇ ಫೈಲ್ ಸಿಸ್ಟಮ್ ಮೇಲೆ.

ಲಿನಕ್ಸ್ ಮೇಲೆ ನಡೆಯುವ ನಾಸ್‌ಗಳಲ್ಲಿ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ‘ಡಿಎಂಇಎಸ್‌ಜಿ’ ಆಜ್ಞೆ ಕೊಟ್ಟರೆ ಕರ್ನಲ್ ಬರೆದಿಟ್ಟ ದಾಖಲೆ ಸಿಗುತ್ತದೆ. ಡಿಸ್ಕ್ ಸಿಕ್ಕಿಸಿದ ಮೇಲೂ ಹೊಸ ಸಾಲು ಬಾರದಿದ್ದರೆ ಕೇಬಲ್, ಪೋರ್ಟ್ ಇಲ್ಲವೇ ವಿದ್ಯುತ್ ಕಾರಣ. ಸಾಧನ ಬಂತೆಂದು ಹೇಳಿ ಮತ್ತೆ ಮತ್ತೆ ‘ರೀಸೆಟ್’ ಎಂದು ಬರೆಯುತ್ತಿದ್ದರೆ ವಿದ್ಯುತ್ ಕುಸಿಯುತ್ತಿದೆ, ಅಥವಾ ಡಿಸ್ಕಿನ ಕವಚದೊಳಗಿನ ಚಿಪ್‌ಗೂ ನಾಸ್‌ಗೂ ಹೊಂದುತ್ತಿಲ್ಲ. ಡಿಸ್ಕಿನ ಹೆಸರೂ ಅದರ ಪಾರ್ಟಿಶನ್ ಸಂಖ್ಯೆಯೂ ಕಂಡರೆ ಯಂತ್ರದ ಭಾಗ ಮುಗಿದಂತೆ, ಇನ್ನು ಹುಡುಕಬೇಕಾದ್ದು ಫೈಲ್ ಸಿಸ್ಟಮ್‌ನಲ್ಲಿ.

ವಿದ್ಯುತ್

2000ದಲ್ಲಿ ಬಂದ ಯುಎಸ್‌ಬಿ 2.0 ಮಾನದಂಡ ಒಂದು ಪೋರ್ಟ್‌ಗೆ 500 ಮಿಲಿಆಂಪಿಯರ್ ಕೊಡುತ್ತದೆ; 2008ರ ಯುಎಸ್‌ಬಿ 3.0 ಅದನ್ನು 900ಕ್ಕೆ ಏರಿಸಿತು. ಎರಡೂವರೆ ಇಂಚಿನ ಪೋರ್ಟಬಲ್ ಹಾರ್ಡ್ ಡಿಸ್ಕ್ ಓಡುತ್ತಿರುವಾಗ ಇದಕ್ಕಿಂತ ಕಡಿಮೆ ಬಳಸಿದರೂ, ನಿಂತಿದ್ದ ತಟ್ಟೆ ತಿರುಗತೊಡಗುವ ಮೊದಲ ಕೆಲವು ಸೆಕೆಂಡು ಅದಕ್ಕೆ ಹೆಚ್ಚು ಬೇಕು. ಕಂಪ್ಯೂಟರಿನ ಪೋರ್ಟುಗಳು ಹಲವು ಸಲ ಮಾನದಂಡಕ್ಕಿಂತ ಧಾರಾಳವಾಗಿ ಕೊಡುತ್ತವೆ. ಹಳೆಯ ನಾಸ್‌ಗಳೂ, ಬೆನ್ನಿಗೊಂದು ಯುಎಸ್‌ಬಿ ತೂತು ಇಟ್ಟುಕೊಂಡು ನಾಸ್ ಎನಿಸಿಕೊಳ್ಳುವ ವೈಫೈ ರೂಟರ್‌ಗಳೂ ಅಷ್ಟು ಧಾರಾಳವಲ್ಲ. ದೀಪ ಮಿನುಗುತ್ತದೆ, ಒಳಗೆ ಟಿಕ್ ಟಿಕ್ ಸದ್ದು ಬರುತ್ತದೆ, ಡಿಸ್ಕ್ ಮೂಡುವುದಿಲ್ಲ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಇಟ್ಟರೆ ಇದು ಸರಿಹೋಗುತ್ತದೆ. ಕೆಲವು ತಯಾರಕರು ಹಬ್‌ಗೆ ಖಾತರಿ ಕೊಡುವುದಿಲ್ಲ, ಆದರೂ ಪರೀಕ್ಷೆಗೆ ಅದು ಸಾಕು. ಕಂಪ್ಯೂಟರಿನಲ್ಲೂ ಅದೇ ಸದ್ದು ಬಂದರೆ ಮಾತು ಬೇರೆ, ಅದು ಸಾಯುತ್ತಿರುವ ಡಿಸ್ಕ್.

ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಇರುತ್ತದೆ. ಕರೆಂಟ್ ಪದೇ ಪದೇ ಹೋಗಿಬರುವ ಊರುಗಳಲ್ಲಿ ಇದರದ್ದೇ ಒಂದು ತಾಪತ್ರಯ. ನಾಸ್ ಯುಪಿಎಸ್ ಮೇಲಿರುತ್ತದೆ, ಡಿಸ್ಕಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿರುತ್ತದೆ. ಕರೆಂಟ್ ಹೋದಾಗ ಬರೆಯುತ್ತಿದ್ದ ಡಿಸ್ಕ್ ಅರ್ಧದಲ್ಲೇ ಆರಿ ಅದರ ಫೈಲ್ ಸಿಸ್ಟಮ್ ಅಸ್ತವ್ಯಸ್ತವಾಗುತ್ತದೆ. ಕರೆಂಟ್ ಮರಳಿದರೂ ಕೆಲವು ಕವಚಗಳು ಗುಂಡಿ ಒತ್ತುವವರೆಗೆ ಹೊತ್ತಿಕೊಳ್ಳುವುದಿಲ್ಲ. ರಾತ್ರಿ ಹೊತ್ತಿನ ಬ್ಯಾಕಪ್ ವಾರಗಟ್ಟಲೆ ಸುಮ್ಮನೆ ಸೋಲುತ್ತಿರುತ್ತದೆ. ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕುವುದೇ ಪರಿಹಾರ.

ಕೇಬಲ್ ಮತ್ತು ಸೇತುವೆ ಚಿಪ್

ಪೋರ್ಟಬಲ್ ಡಿಸ್ಕುಗಳ ಅಗಲವಾದ ಮೈಕ್ರೋ-ಬಿ ತೂತಿನ ಒಂದು ಬದಿಗೆ ಹಳೆಯ ಮೊಬೈಲಿನ ಸಣ್ಣ ಮೈಕ್ರೋ ಯುಎಸ್‌ಬಿ ಪಿನ್ನೂ ಕೂರುತ್ತದೆ, ಡಿಸ್ಕ್ ಆಗ ಯುಎಸ್‌ಬಿ 2.0 ವೇಗದಲ್ಲಿ ನಡೆಯುತ್ತದೆ. ಚಾರ್ಜಿಂಗ್‌ಗೆ ಮಾತ್ರ ಮಾಡಿದ ಕೇಬಲ್ ಆಗಿರಬಾರದು, ಅಷ್ಟೇ. ಇದನ್ನು ಪರೀಕ್ಷೆಗೂ ಬಳಸಬಹುದು. ನಿಧಾನದ ಕೇಬಲ್‌ನಲ್ಲಿ ಕಾಣುವ ಡಿಸ್ಕ್ ವೇಗದ ಕೇಬಲ್‌ನಲ್ಲಿ ಕಾಣದಿದ್ದರೆ ತಪ್ಪು ಆ ಕೇಬಲ್‌ನದು, ಇಲ್ಲವೇ ಕವಚದೊಳಗಿನ ಸೇತುವೆ ಚಿಪ್‌ನದು. ಸಾಟಾ ಡಿಸ್ಕಿನ ಮಾತನ್ನು ಯುಎಸ್‌ಬಿಗೆ ತಿಳಿಸುವುದು ಈ ಚಿಪ್. ಜೆಮೈಕ್ರಾನ್, ಎಎಸ್‌ಮೀಡಿಯಾ ಕಂಪನಿಗಳ ಕೆಲವು ಚಿಪ್‌ಗಳು ಯುಎಎಸ್ ಎಂಬ ವೇಗದ ವಿಧಾನದಲ್ಲಿ ಲಿನಕ್ಸ್ ಜೊತೆ ತೊಡಕು ಮಾಡುತ್ತವೆ. ಅಂಥ ಚಿಪ್‌ಗೆ ಯುಎಎಸ್ ಬೇಡವೆಂದು ಕರ್ನಲ್‌ಗೆ ಹೇಳಿಕೊಡಬಹುದು, ಆದರೆ ಕೊಂಡು ತಂದ ನಾಸ್‌ನಲ್ಲಿ ಆ ಸ್ವಾತಂತ್ರ್ಯ ಇರುವುದು ಕಡಿಮೆ. ಕವಚ ಬದಲಿಸುವುದೇ ಸುಲಭ.

ಕವಚ ಬದಲಿಸುವ ಮುನ್ನ ಎಚ್ಚರ ಬೇಕು. ವೆಸ್ಟರ್ನ್ ಡಿಜಿಟಲ್‌ನ ಹಲವು ಮೈ ಪಾಸ್‌ಪೋರ್ಟ್, ಮೈ ಬುಕ್ ಮಾದರಿಗಳಲ್ಲಿ ಪಾಸ್‌ವರ್ಡ್ ಹಾಕದಿದ್ದರೂ ಚಿಪ್ ಎಲ್ಲವನ್ನೂ ಗೂಢಲಿಪಿಯಲ್ಲೇ ಬರೆಯುತ್ತದೆ. ಡಿಸ್ಕನ್ನು ಬಿಚ್ಚಿ ಬೇರೆ ಕವಚಕ್ಕೆ ಹಾಕಿದರೆ ಅದು ಓದಲಾಗದ ಖಾಲಿ ಡಿಸ್ಕಿನಂತೆ ಕಾಣುತ್ತದೆ. ಪಾಸ್‌ವರ್ಡ್ ಹಾಕಿದ್ದರೆ ತೊಂದರೆ ಇನ್ನೊಂದು ಬಗೆಯದು: ಬೀಗ ತೆರೆಯುವ ತಂತ್ರಾಂಶ ವಿಂಡೋಸ್ ಇಲ್ಲವೇ ಮ್ಯಾಕ್‌ಗೆ ಬರೆದದ್ದು, ನಾಸ್‌ಗೆ ಅದನ್ನು ನಡೆಸಲು ಬಾರದು. ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿದ ಡಿಸ್ಕಿನ ಕಥೆಯೂ ಸಾಮಾನ್ಯವಾಗಿ ಇದೇ.

ಫೈಲ್ ಸಿಸ್ಟಮ್

ಯಂತ್ರದ ಭಾಗ ಸರಿಯಿದ್ದೂ ಡಿಸ್ಕ್ ಕಾಣದ ಪ್ರಕರಣಗಳ ತವರು ಇದು. ಎಫ್‌ಎಟಿ32 ಎಲ್ಲೆಡೆ ಓದಿಸಿಕೊಳ್ಳುತ್ತದೆ, ಆದರೆ 4 ಜಿಬಿ ಮೀರಿದ ಒಂದು ಕಡತ ಅದರಲ್ಲಿ ಹಿಡಿಯುವುದಿಲ್ಲ. ಮದುವೆ ವಿಡಿಯೊದವರಿಗೆ ಅಲ್ಲಿಗೇ ಅದು ಮುಗಿಯಿತು. ಎಕ್ಸ್‌ಫ್ಯಾಟ್ ಅನ್ನು ಮೈಕ್ರೋಸಾಫ್ಟ್ 2006ರಲ್ಲಿ ತಂದರೂ ಅದರ ವಿವರಗಳನ್ನು ಬಹಿರಂಗಗೊಳಿಸಿದ್ದು 2019ರಲ್ಲಿ. ಲಿನಕ್ಸ್ ಕರ್ನಲ್‌ಗೆ ಒಳ್ಳೆಯ ಎಕ್ಸ್‌ಫ್ಯಾಟ್ ಡ್ರೈವರ್ ಬಂದದ್ದು 2020ರ 5.7 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಸೈನಾಲಜಿ, ಕ್ಯೂನ್ಯಾಪ್ ಪೆಟ್ಟಿಗೆಗಳಲ್ಲಿ ಇದಕ್ಕೆ ಬೇರೆ ಹಣ ತೆರಬೇಕಿತ್ತು. ಅಂಗಡಿಯಿಂದ ತಂದ ಹೊಸ ಡಿಸ್ಕ್ ಹಳೆಯ ನಾಸ್‌ಗೆ ಕಾಣದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ, ಅದು ಎಕ್ಸ್‌ಫ್ಯಾಟ್ ಆಗಿದೆಯೇ ಎಂದು. ಆ್ಯಪಲ್ 2017ರಲ್ಲಿ ತಂದ ಎಪಿಎಫ್‌ಎಸ್ ಅನ್ನು ಬಹುತೇಕ ನಾಸ್‌ಗಳು ಓದುವುದಿಲ್ಲ.

ಎನ್‌ಟಿಎಫ್‌ಎಸ್ ವಿಚಾರ ಸೂಕ್ಷ್ಮ. ‘ಇಜೆಕ್ಟ್’ ಕೊಡದೆ ಎಳೆದುಕೊಂಡ ಡಿಸ್ಕ್, ಅಥವಾ ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಜಾರಿಯಲ್ಲಿದ್ದಾಗ ಕಂಪ್ಯೂಟರ್ ಆರಿಸಿ ತೆಗೆದ ಡಿಸ್ಕ್, ‘ಇನ್ನೂ ಬಳಕೆಯಲ್ಲಿದೆ’ ಎಂಬ ಗುರುತು ಹೊತ್ತುಕೊಂಡೇ ಬರುತ್ತದೆ. ಅದನ್ನು ಕಂಡ ಲಿನಕ್ಸ್ ಡಿಸ್ಕನ್ನು ಓದಲಷ್ಟೇ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ಡಿಸ್ಕನ್ನು ಮರಳಿ ವಿಂಡೋಸ್‌ಗೆ ಹಾಕಿ ‘ಚೆಕ್‌ಡಿಸ್ಕ್’ ನಡೆಸಿ, ಕ್ರಮವಾಗಿ ಇಜೆಕ್ಟ್ ಮಾಡಿದರೆ ಗುರುತು ಅಳಿಯುತ್ತದೆ.

ಯಾವುದನ್ನು ಆರಿಸಿಕೊಳ್ಳಬೇಕು? ತಯಾರಕರ ಕೈಪಿಡಿಗಳು ಇಎಕ್ಸ್‌ಟಿ4 ಎನ್ನುತ್ತವೆ, ನಾಸ್ ಒಂದನ್ನೇ ನೋಡಿದರೆ ಅದು ಸರಿ ಕೂಡ. ಆದರೆ ನಾಸ್ ನೀರುಪಾಲಾದ ದಿನ ಆ ಡಿಸ್ಕನ್ನು ತೆರೆಯಬೇಕಾದ್ದು ಯಾರದೋ ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ, ಅದು ಇಎಕ್ಸ್‌ಟಿ4 ಅನ್ನು ನೇರವಾಗಿ ಓದುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಾವಣೆಗಳನ್ನು ಮೊದಲೇ ಗುರುತಿಟ್ಟುಕೊಳ್ಳುವ ಜರ್ನಲ್ ಇಲ್ಲದ್ದರಿಂದ ಕರೆಂಟ್ ಹೋದಾಗ ಬೇಗ ಕೆಡುತ್ತದೆ. ಹೀಗಾಗಿ ಕರೆಂಟ್ ಪದೇ ಪದೇ ಹೋಗುವ ಊರುಗಳಲ್ಲಿ ಮನೆಯಿಂದಾಚೆ ಇಡುವ ಪ್ರತಿಗೆ ಎನ್‌ಟಿಎಫ್‌ಎಸ್ಸೇ ವಾಸಿ, ನಾಸ್‌ನಲ್ಲಿ ವೇಗ ಸ್ವಲ್ಪ ಕಡಿಮೆಯಾದರೂ.

ಪಾರ್ಟಿಶನ್ ಪಟ್ಟಿಯಿಂದಲೂ ತೊಡಕು ಬರುತ್ತದೆ. ಹಳೆಯ ಎಂಬಿಆರ್ ಪಟ್ಟಿ 512 ಬೈಟ್ ಸೆಕ್ಟರ್‌ಗಳಲ್ಲಿ ಸುಮಾರು 2 ಟಿಬಿಯ ಆಚೆಗೆ ಎಣಿಸಲಾರದು, ದೊಡ್ಡ ಡಿಸ್ಕಿಗೆ ಜಿಪಿಟಿ ಬೇಕು. ಇನ್ನೊಂದು ನಾಸ್‌ನ ರೇಡ್‌ನಿಂದ ಕಿತ್ತು ತಂದ ಡಿಸ್ಕ್ ಯುಎಸ್‌ಬಿಯಲ್ಲಿ ತಾನಾಗಿ ತೆರೆದುಕೊಳ್ಳುವುದಿಲ್ಲ, ಆದರೆ ಅದು ಖಾಲಿಯಲ್ಲ. ಟ್ರೂನಾಸ್‌ನಂಥ ಜೆಡ್‌ಎಫ್‌ಎಸ್ ವ್ಯವಸ್ಥೆಯಲ್ಲಂತೂ ಎನ್‌ಟಿಎಫ್‌ಎಸ್ ಡಿಸ್ಕ್ ಹಂಚಿಕೆಯಾಗಿ ಮೂಡುವ ಬದಲು ಹೊಸ ಪೂಲ್ ಕಟ್ಟಲು ಸಿಗುವ ಡಿಸ್ಕಾಗಿ ಕಾಣಿಸಿಕೊಳ್ಳಬಹುದು.

ನಾಸ್‌ಗೆ ಕಂಡು ಕಂಪ್ಯೂಟರಿಗೆ ಕಾಣದಿದ್ದರೆ

ಆಗ ಡಿಸ್ಕಿನ ತಪ್ಪೇನೂ ಇಲ್ಲ. ಹೊರ ಡಿಸ್ಕಿನ ಹಂಚಿಕೆಯನ್ನು ಹಲವು ನಾಸ್‌ಗಳು ನಿರ್ವಾಹಕರಿಗಷ್ಟೇ ತೆರೆದಿಡುತ್ತವೆ, ಉಳಿದ ಬಳಕೆದಾರರಿಗೆ ಅನುಮತಿ ಕೊಡಬೇಕು. ಹಳೆಯ ರೂಟರ್‌ಗಳಿಗೆ ಬೇರೊಂದು ಕಾರಣವಿದೆ. 2017ರ ಮೇ ತಿಂಗಳ ವಾನಾಕ್ರೈ ಸುಲಿಗೆ ತಂತ್ರಾಂಶದ ದಾಳಿ, ನೆಟ್‌ವರ್ಕ್‌ನಲ್ಲಿ ಕಡತ ಹಂಚುವ ಎಸ್‌ಎಂಬಿ ವಿಧಾನದ ಮೊದಲ ಆವೃತ್ತಿಯ ದೌರ್ಬಲ್ಯದ ಮೂಲಕ ಹಬ್ಬಿತ್ತು. ಅದೇ ವರ್ಷದ ಅಕ್ಟೋಬರ್‌ನಿಂದ ವಿಂಡೋಸ್ 10ರ ಹೊಸ ಸ್ಥಾಪನೆಗಳಲ್ಲಿ ಆ ಆವೃತ್ತಿ ಇರುವುದಿಲ್ಲ. ಅದೊಂದನ್ನೇ ಬಲ್ಲ ರೂಟರ್‌ನ ಡಿಸ್ಕ್ ಹೊಸ ಕಂಪ್ಯೂಟರಿಗೆ ಕಾಣದು. ಎಸ್‌ಎಂಬಿ 1 ಅನ್ನು ಮತ್ತೆ ಹಚ್ಚುವ ಸಲಹೆ ಸುಲಭದ್ದು, ಆದರೆ ಒಪ್ಪತಕ್ಕದ್ದಲ್ಲ. ರೂಟರ್‌ನ ಫರ್ಮ್‌ವೇರ್ ನವೀಕರಿಸಬೇಕು ಅಥವಾ ರೂಟರನ್ನೇ ಬದಲಿಸಬೇಕು.

ಎಲ್ಲೂ ಓದಲಾಗದಿದ್ದಾಗ

ಗಾತ್ರ ಸರಿಯಾಗಿ ತೋರಿಸಿಯೂ ಯಾವ ಕಂಪ್ಯೂಟರೂ ತೆರೆಯಲಾರದ ಡಿಸ್ಕಿನ ಮೇಲೆ ನೇರವಾಗಿ ದುರಸ್ತಿ ಆರಂಭಿಸಬಾರದು. ಮೊದಲು ‘ಡಿಡಿರೆಸ್ಕ್ಯೂ’ದಿಂದ ಅದರ ಪೂರ್ಣ ಪ್ರತಿಯನ್ನು ಅಷ್ಟೇ ಅಥವಾ ಹೆಚ್ಚು ಗಾತ್ರದ ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. ಕೆಟ್ಟ ಸೆಕ್ಟರ್‌ಗಳನ್ನು ಅದು ಮೊದಲ ಸುತ್ತಿನಲ್ಲಿ ದಾಟಿಹೋಗಿ, ಓದಬಲ್ಲ ಭಾಗವನ್ನೆಲ್ಲ ಉಳಿಸಿಕೊಂಡ ಮೇಲೆ ಅವುಗಳತ್ತ ಮರಳುತ್ತದೆ. ಕಳೆದುಹೋದ ಪಾರ್ಟಿಶನ್ ಹುಡುಕುವ ‘ಟೆಸ್ಟ್‌ಡಿಸ್ಕ್’, ಬಿಡಿ ಕಡತಗಳನ್ನು ಹೆಕ್ಕುವ ‘ಫೋಟೊರೆಕ್’ ಎರಡನ್ನೂ ಈ ಪ್ರತಿಯ ಮೇಲೆ ನಡೆಸಬೇಕು. ಮೂರೂ ಉಚಿತ ತಂತ್ರಾಂಶಗಳು. ಫೋಟೊರೆಕ್ ಹೆಕ್ಕಿದ ಕಡತಗಳಿಗೆ ಹಳೆಯ ಹೆಸರು, ಫೋಲ್ಡರ್ ಯಾವುದೂ ಇರುವುದಿಲ್ಲ. ಸದ್ದು ಮಾಡುವ ಡಿಸ್ಕನ್ನೂ ನೀರು ಕಂಡ ಡಿಸ್ಕನ್ನೂ ವಿದ್ಯುತ್ತಿಗೆ ಸಿಕ್ಕಿಸದೆ, ನೀರು ಕಂಡದ್ದನ್ನು ಬಿಸಿಲಲ್ಲಿ ಒಣಗಿಸಲೂ ಹೋಗದೆ, ಧೂಳಿಲ್ಲದ ಕೊಠಡಿಯಲ್ಲಿ ಡಿಸ್ಕ್ ಬಿಚ್ಚುವ ವ್ಯವಸ್ಥೆ ಇರುವ ದತ್ತಾಂಶ ಮರುಪಡೆಯುವವರಿಗೇ ಒಪ್ಪಿಸಬೇಕು.