ಮೈಸೂರಿಗೆ ಬಂದ ನಾದಗಳು

ಒಂದು ನಗರದ ಸಂಪತ್ತನ್ನು ಅಳೆಯುವವರು ಅದರ ಬೀದಿಗಳನ್ನೂ ಕಟ್ಟಡಗಳನ್ನೂ ವ್ಯಾಪಾರವನ್ನೂ ಗಣಿಸುವುದು ವಾಡಿಕೆ. ಆ ನಗರದ ಕಿವಿಯನ್ನು ಪರೀಕ್ಷಿಸುವವರು ವಿರಳ. ಮೈಸೂರಿನ ಮಟ್ಟಿಗೆ ಹೇಳುವುದಾದರೆ, ಅದರ ಚರಿತ್ರೆಯ ಒಂದು ಮುಖ್ಯ ಭಾಗವು ಕಟ್ಟಡಗಳಲ್ಲಿರುವುದಕ್ಕಿಂತಲೂ ಹೆಚ್ಚಾಗಿ ಕೇಳಿಕೆಯಲ್ಲಿದೆ. ಮೈಸೂರಿನ ಸಂಗೀತವೆಂದು ಅಭಿಮಾನದಿಂದ ಕರೆಯಲ್ಪಡುವ ಸಂಪ್ರದಾಯವು ಈ ಊರಿನ ಮಣ್ಣಿನಲ್ಲಿ ತಾನಾಗಿಯೇ ಮೊಳೆತುದೆಂದು ಭಾವಿಸುವವರುಂಟು. ಚರಿತ್ರೆಯು ಬೇರೊಂದು ಸಂಗತಿಯನ್ನು ಹೇಳುತ್ತದೆ. ತಂಜಾವೂರಿನಿಂದ, ಉಡುಪಿಯ ಸೀಮೆಯಿಂದ, ಆಗ್ರಾದಿಂದ, ಕಲ್ಕತ್ತೆಯಿಂದ, ಕಡೆಗೆ ಜರ್ಮನಿಯಿಂದಲೂ ಬಂದ ನಾದಗಳು ಇಲ್ಲಿ ಆದರವನ್ನು ಪಡೆದು ಕಾಲಾಂತರದಲ್ಲಿ ಊರಿನವೇ ಆದುವು. ಬಂದುದನ್ನು ಊರು ತನ್ನದಾಗಿ ಮಾಡಿಕೊಂಡ ಬಗೆ ಎಂತಹುದು, ಅದನ್ನು ಕೇಳುವ ಭಾಗ್ಯವು ಯಾರ ಪಾಲಿಗಿದ್ದಿತು, ಅದನ್ನು ಉಳಿಸುವ ಹೊಣೆಯು ಇಂದು ಯಾರದು ಎಂಬ ಮೂರು ಪ್ರಶ್ನೆಗಳು ವಿಚಾರಕ್ಕೆ ಅರ್ಹವಾಗಿವೆ.

ಪಾಶ್ಚಾತ್ಯ ವಾದ್ಯದ ಪರಿಚಯವು ಈ ಸೀಮೆಗೆ ಬಹಳ ಹಳೆಯದು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಬಳಿ ಮರದ ಹುಲಿಯೊಂದಿದ್ದಿತು. ಅದು ಒಬ್ಬ ಐರೋಪ್ಯನ ಮೇಲೆರಗಿ ಅವನನ್ನು ಕೊಲ್ಲುತ್ತಿರುವಂತೆ ಮಾಡಿದ ಬೊಂಬೆ. ಹಿಡಿಯನ್ನು ತಿರುಗಿಸಿದರೆ ಹುಲಿಯ ಗರ್ಜನೆಯೂ ಬಿದ್ದವನ ನರಳಿಕೆಯೂ ಕೇಳಿಬರುತ್ತಿದ್ದುವು. ಅದರ ಪಕ್ಕೆಯೊಳಗೆ ಗಾಳಿಯ ಕೊಳವೆಗಳನ್ನೂ ಸ್ವರದ ಮೆಟ್ಟುಗಳನ್ನೂ ಜೋಡಿಸಿದ್ದ ಚಿಕ್ಕ ಆರ್ಗನ್ ವಾದ್ಯವೂ ಇದ್ದಿತು. 1799ರಲ್ಲಿ ಪಟ್ಟಣವು ಬಿದ್ದ ಮೇಲೆ ಇಂಗ್ಲಿಷರು ಅದನ್ನು ಲಂಡನ್ನಿಗೆ ಸಾಗಿಸಿದರು. ಈಗ ಅದು ಅಲ್ಲಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಎರಡು ನಾಡುಗಳ ಕಲೆಗಳು ಅದರಲ್ಲಿ ಕೂಡಿದ್ದುದು ವೈರದ ನಿಮಿತ್ತವಾಗಿ. ಅವು ಸ್ನೇಹದಿಂದ ಕೂಡುವುದಕ್ಕೆ ಇನ್ನೂ ಎಷ್ಟೋ ವರ್ಷಗಳು ಬೇಕಾದುವು.

ಆ ಸ್ನೇಹಕ್ಕೆ ಸಾಧನವಾದುದು ಪಿಟೀಲು. ಐರೋಪ್ಯರೊಡನೆ ಬಂದ ಈ ವಾದ್ಯವನ್ನು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಕಲಿತು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದರು. ಮೈಸೂರಿನಲ್ಲಿ ಹತ್ತನೆಯ ಚಾಮರಾಜ ಒಡೆಯರು ಸ್ವತಃ ಪಿಟೀಲನ್ನು ಬಾರಿಸಬಲ್ಲವರಾಗಿದ್ದರು. 1881ರಿಂದ 1894ರವರೆಗೆ ಆಳಿದ ಇವರ ಕಾಲದಲ್ಲಿಯೇ ತರುಣ ವಾಸುದೇವಾಚಾರ್ಯರು ಅರಮನೆಯ ನೆರವಿನಿಂದ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರಲ್ಲಿ ಶಿಷ್ಯವೃತ್ತಿಯನ್ನು ಕೈಗೊಂಡರು. ಊರಿನ ವಿದ್ಯಾರ್ಥಿಯನ್ನು ಹೊರಗೆ ಕಳುಹಿಸಿ ವಿದ್ಯೆಯನ್ನು ತರಿಸಿಕೊಳ್ಳುವುದೂ, ಹೊರಗಿನ ವಿದ್ವಾಂಸರನ್ನು ಕರೆಯಿಸಿ ಆದರಿಸುವುದೂ ಈ ಆಸ್ಥಾನದ ಎರಡು ಕೈಗಳೆಂದು ಹೇಳಬಹುದು.

ವೀಣೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಮೈಸೂರು ಬಾನಿಗೆ ಕಳಶಪ್ರಾಯರಾದ ವೀಣೆ ಶೇಷಣ್ಣನವರು (1852–1926) ತಂಜಾವೂರಿನ ಆಸ್ಥಾನದಲ್ಲಿದ್ದ ಪಚ್ಚಿಮಿರಿಯಂ ಆದಿಅಪ್ಪಯ್ಯನವರ ವಂಶದವರು. ಊರಿನ ಅತ್ಯಂತ ಸ್ವಂತವಾದ ಸಿರಿಯೆಂದು ಎಣಿಸುವ ವೀಣೆಯೂ ಹೀಗೆ ಹೊರಗಿನಿಂದ ಬಂದ ಮನೆತನದ ಕೈಯಲ್ಲಿ ಅರಳಿತು. ವೈಣಿಕ ಶಿಖಾಮಣಿಗಳೆನಿಸಿದ ಶೇಷಣ್ಣನವರು ವೀಣೆಯೊಂದಕ್ಕೇ ಕಟ್ಟುಬಿದ್ದವರಲ್ಲ. ಪಿಟೀಲು, ಸ್ವರಬತ್, ಜಲತರಂಗಗಳೊಡನೆ ಪಿಯಾನೋವೂ ಅವರಿಗೆ ವಶವಾಗಿದ್ದಿತು. ಪರಕೀಯ ವಾದ್ಯವನ್ನು ಮುಟ್ಟಿದ ಮಾತ್ರದಿಂದ ಅವರ ವೀಣೆಯ ಶುದ್ಧಿಗೆ ಕುಂದು ಬರಲಿಲ್ಲ. ಬೆರೆಯುವುದೆಂದರೆ ಕೆಡುವುದೆಂಬ ಅಂಜಿಕೆಗೆ ಅವರ ಬಾಳೇ ಉತ್ತರವಾಗಿದೆ.

ರಾಜ್ಯದ ಗೀತೆಯಲ್ಲಿಯೂ ಈ ಕೂಟವನ್ನು ಕಾಣಬಹುದು. ಬಸವಪ್ಪ ಶಾಸ್ತ್ರಿಗಳು (1843–1891) ರಚಿಸಿದ "ಕಾಯೌ ಶ್ರೀ ಗೌರಿ" ಎಂಬ ಗೀತೆಯನ್ನು ಶಂಕರಾಭರಣ ರಾಗದಲ್ಲಿ ಹಾಡುವುದು ರೂಢಿ. ಆ ರಾಗದ ಏಳು ಸ್ವರಗಳು ಪಾಶ್ಚಾತ್ಯರ ಮುಖ್ಯವಾದ ಸ್ವರಶ್ರೇಣಿಯೊಡನೆ ಹೊಂದುವುದರಿಂದ ಅದೇ ಗೀತೆಯು ವಿದ್ವಾಂಸರ ಕಂಠಕ್ಕೂ ಬ್ಯಾಂಡಿನ ಕಹಳೆಗೂ ಸಮನಾಗಿ ಒಪ್ಪಿತು.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಈ ಪ್ರವೃತ್ತಿಯು ಪೂರ್ಣತೆಯನ್ನು ಪಡೆಯಿತು. 1902ರಲ್ಲಿ ಅಧಿಕಾರವನ್ನು ವಹಿಸಿಕೊಂಡು 1940ರವರೆಗೆ ಆಳಿದ ಈ ಪ್ರಭುಗಳು ದೇಶೀಯವೂ ಪಾಶ್ಚಾತ್ಯವೂ ಆದ ಹಲವು ವಾದ್ಯಗಳನ್ನು ಬಲ್ಲವರು. ಅರಮನೆಯಲ್ಲಿ ಕರ್ಣಾಟಕ ವಾದ್ಯವೃಂದವೂ ಪಾಶ್ಚಾತ್ಯ ವಾದ್ಯವೃಂದವೂ ಏಕಕಾಲದಲ್ಲಿ ನಡೆಯುತ್ತಿದ್ದುವು. ಪಾಶ್ಚಾತ್ಯ ವೃಂದವನ್ನು ನಡೆಯಿಸಿದವರಲ್ಲಿ ಜರ್ಮನಿಯ ಆಟೋ ಷ್ಮಿಟ್ ಎಂಬವರು ಪ್ರಸಿದ್ಧರು. ಶೇಷಣ್ಣನವರ ಶಿಷ್ಯರಾದ ವೀಣೆ ವೆಂಕಟಗಿರಿಯಪ್ಪನವರು ಹಿಂದೂಸ್ಥಾನಿಯ ಛಾಯೆಯುಳ್ಳ "ನಗ್ಮಾ" ಎಂಬ ಹೊಸ ಬಗೆಯ ರಚನೆಗಳನ್ನು ಮಾಡಿದರು. 1920ರ ದಶಕದ ಕೊನೆಯಲ್ಲಿ ಆಸ್ಥಾನವನ್ನು ಸೇರಿದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ತಮಿಳುನಾಡಿನವರಾದರೂ ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ಕನ್ನಡದಲ್ಲಿ ಹಾಡಿದರು. ಬಂದವರು ತಮ್ಮ ಸಂಗೀತವನ್ನು ತಂದುದಲ್ಲದೆ ಊರಿನ ದೇವತೆಯನ್ನೂ ಭಾಷೆಯನ್ನೂ ತಮ್ಮದಾಗಿ ಮಾಡಿಕೊಂಡುದು ಇಲ್ಲಿ ಗಮನಾರ್ಹವಾದ ಸಂಗತಿ.

ಉತ್ತರದ ಗಾಯಕರೂ ದಸರೆಯ ಹೊತ್ತಿಗೆ ಮೈಸೂರಿನ ಹಾದಿಯನ್ನು ಹಿಡಿಯುತ್ತಿದ್ದರು. ಆಗ್ರಾ ಘರಾಣೆಯ ನತ್ಥನ್ ಖಾನರು 19ನೆಯ ಶತಮಾನದ ಅಂತ್ಯದಲ್ಲಿ ಇಲ್ಲಿಯ ಆಸ್ಥಾನದಲ್ಲಿದ್ದರು. ಅದೇ ಘರಾಣೆಯ ಫೈಯಾಜ್ ಖಾನರಿಗೆ "ಸಂಗೀತದ ಸೂರ್ಯ" ಎಂಬರ್ಥದ "ಆಫ್ತಾಬ್-ಎ-ಮೌಸೀಕಿ" ಬಿರುದು ದೊರೆತುದು ಇಲ್ಲಿಯೇ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು (1872–1937) ಮಿರಜಿನಿಂದ ಮೈಸೂರಿಗೆ ಬರುತ್ತ ಹೋಗುತ್ತ ಹುಬ್ಬಳ್ಳಿ ಧಾರವಾಡಗಳಲ್ಲಿ ತಂಗುತ್ತಿದ್ದರು. ಆ ತಂಗುವಿಕೆಯ ಫಲವು ಮೈಸೂರಿಗಿಂತಲೂ ಆ ಸೀಮೆಗೇ ಹೆಚ್ಚಾಗಿ ದಕ್ಕಿತು. ಕುಂದಗೋಳದ ರಾಮಭಾವು, ಅರ್ಥಾತ್ ಸವಾಯಿ ಗಂಧರ್ವರು, ಖಾನರ ಶಿಷ್ಯರಾದರು. ಅವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ದಕ್ಷಿಣದ ಒಂದು ಆಸ್ಥಾನದ ಆದರವು ಉತ್ತರ ಕರ್ಣಾಟಕದ ಗಾನಕ್ಕೆ ನೀರೆರೆಯಿತೆಂದರೆ ಅತಿಶಯೋಕ್ತಿಯಾಗದು.

ಅತಿಥಿಗಳಲ್ಲಿ ಗೌಹರ್ ಜಾನರ ಕಥೆಯು ಮನಸ್ಸನ್ನು ಕಲಕತಕ್ಕದ್ದು. ಅರ್ಮೇನಿಯದ ಮೂಲದ ಈ ಗಾಯಕಿಯು 1873ರಲ್ಲಿ ಆಜಂಗಢದಲ್ಲಿ ಜನಿಸಿ ಕಲ್ಕತ್ತೆಯಲ್ಲಿ ಪ್ರಖ್ಯಾತಿಗೆ ಬಂದರು. 1902ರಲ್ಲಿ ಇಂಡಿಯಾ ದೇಶದಲ್ಲಿ ಮೊಟ್ಟಮೊದಲು ಗ್ರಾಮಫೋನ್ ತಟ್ಟೆಗಳಿಗೆ ಹಾಡಿದವರಲ್ಲಿ ಅವರು ಅಗ್ರಗಣ್ಯರು. ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಘೋಷಿಸುವುದು ಅವರ ಪದ್ಧತಿಯಾಗಿದ್ದಿತು. ಐಶ್ವರ್ಯವೂ ಬಂಧುಗಳೂ ಕೈಬಿಟ್ಟ ಕಾಲದಲ್ಲಿ, 1928ರ ಆಗಸ್ಟಿನಲ್ಲಿ, ಮೈಸೂರಿನ ಆಸ್ಥಾನವು ಅವರಿಗೆ ಆಶ್ರಯವನ್ನಿತ್ತಿತು. ಆದರೆ ದೇಹವೂ ಮನಸ್ಸೂ ದಣಿದಿದ್ದುವು. 1930ರ ಜನವರಿ 17ರಂದು ಅವರು ಮೈಸೂರಿನಲ್ಲಿ ತೀರಿಕೊಂಡರು. ದೇಶದ ಮನೆಮನೆಗಳಲ್ಲಿ ಕೇಳಿಬಂದ ಧ್ವನಿಯೊಂದು ಕಟ್ಟಕಡೆಗೆ ತಂಗಿದ ಊರು ಇದೆಂಬುದನ್ನು ಊರಿನವರೇ ಬಹುಕಾಲ ಮರೆತಿದ್ದರು. ಆಶ್ರಯವನ್ನು ಕೊಡುವುದು ಅರಮನೆಗೆ ಸಾಧ್ಯವಾಯಿತು. ನೆನಪನ್ನು ಉಳಿಸುವುದು ನಾಗರಿಕರ ಕೆಲಸವಾಗಿದ್ದಿತು.

ಜಯಚಾಮರಾಜ ಒಡೆಯರ ಕಾಲಕ್ಕೆ ಪ್ರವಾಹವು ಹಿಂದಿರುಗಿ ಹರಿಯಿತು; ಮೈಸೂರಿನ ಔದಾರ್ಯವು ಲಂಡನ್ನಿಗೆ ಮುಟ್ಟಿತು. ಪಿಯಾನೋವಾದನದಲ್ಲಿ ಶಿಕ್ಷಿತರಾದ ಈ ಪ್ರಭುಗಳು ರಷ್ಯಾ ದೇಶದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರರ ಕೃತಿಗಳಿಗೆ ಮನಸೋತಿದ್ದರು. ಮೆಟ್ನರರು ತಾಯ್ನಾಡನ್ನು ಬಿಟ್ಟು, ಲಂಡನ್ನಿನಲ್ಲಿ ಬಡತನದಿಂದಲೂ ರೋಗದಿಂದಲೂ ಬಳಲುತ್ತಿದ್ದ ವೃದ್ಧರು. 1940ರ ದಶಕದ ಉತ್ತರಾರ್ಧದಲ್ಲಿ ಮಹಾರಾಜರು ಅವರ ಹೆಸರಿನಲ್ಲಿ ಸಂಘವೊಂದನ್ನು ಸ್ಥಾಪಿಸಿ, ಅವರ ಕೃತಿಗಳು ಅವರ ಬೆರಳುಗಳಿಂದಲೇ ಧ್ವನಿಮುದ್ರಿತವಾಗುವಂತೆ ಮಾಡಿದರು. ಮೂರನೆಯ ಪಿಯಾನೋ ಕಾಂಚೆರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ. 1951ರಲ್ಲಿ ಮೆಟ್ನರರು ಗತಿಸಿದರು; ಆ ಮುದ್ರಣಗಳು ಆಗದಿದ್ದಲ್ಲಿ ಅವರ ವಾದನದ ಬಹುಭಾಗವು ಅವರೊಡನೆಯೇ ಹೋಗುತ್ತಿದ್ದಿತು.

ಲಂಡನ್ನಿನ ಫಿಲ್ಹಾರ್ಮೋನಿಯಾ ಕಛೇರಿ ಸಂಘಕ್ಕೂ ಮಹಾರಾಜರೇ ಪ್ರಥಮ ಅಧ್ಯಕ್ಷರು. ಜರ್ಮನಿಯ ರಿಚರ್ಡ್ ಸ್ಟ್ರಾಸರ "ಕಡೆಯ ನಾಲ್ಕು ಗೀತೆಗಳು" 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಮೊದಲ ಬಾರಿಗೆ ಕೇಳಿಬಂದುವು. ಅಂದು ಹಾಡಿದವರು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ವೃಂದವನ್ನು ನಡೆಯಿಸಿದವರು ಫುರ್ಟ್‌ವೆಂಗ್ಲರ್. ವೆಚ್ಚಕ್ಕೆ ಹೊಣೆ ನಿಂತವರು ಮೈಸೂರಿನ ಮಹಾರಾಜರು. ಅವರಿಗೆ ಅಲ್ಲಿ ಹಾಜರಿರಲಾಗಲಿಲ್ಲ. ಕೇಳುವುದಕ್ಕೆ ಧ್ವನಿಮುದ್ರಣವನ್ನು ಮಾಡಿಸಿಕೊಂಡರು. ಇದೇ ಪ್ರಭುಗಳು ವಾಸುದೇವಾಚಾರ್ಯರಲ್ಲಿ ಕರ್ಣಾಟಕ ಸಂಗೀತವನ್ನು ಅಭ್ಯಸಿಸಿ "ಶ್ರೀವಿದ್ಯಾ" ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಅಪೂರ್ವ ರಾಗಗಳೇ ಹೆಚ್ಚು. ಪರರ ಸಂಗೀತದಲ್ಲಿ ಆಳವಾಗಿ ಮುಳುಗಿದವರು ತಮ್ಮದನ್ನು ಮರೆಯಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯವು ಬೇಕಿಲ್ಲ.

ಇಲ್ಲಿಯವರೆಗೆ ಹೇಳಿದುದು ಅರಮನೆಯ ಕಥೆ. ಅದು ಎಷ್ಟು ಉಜ್ಜ್ವಲವಾದುದೋ ಅಷ್ಟೇ ಸಂಕುಚಿತವೂ ಆಗಿದ್ದಿತು. ದರ್ಬಾರಿನ ಕಛೇರಿಗೆ ಆಹ್ವಾನವುಳ್ಳವರು ಕುಳಿತರು. ಇತರರ ಪಾಲಿಗೆ ದಸರೆಯ ಮೆರವಣಿಗೆಯಲ್ಲಿ ಸಾಗುವ ಬ್ಯಾಂಡಿನ ಸದ್ದು ದಕ್ಕಿತು. ಜಗತ್ತಿನ ನಾದವು ಊರಿಗೆ ಬಂದರೂ ಊರವರ ಕಿವಿಗೆ ಬೀಳಬೇಕಾದರೆ ಬಾಗಿಲು ಅಗಲವಾಗಬೇಕಾಗಿದ್ದಿತು. ಅದನ್ನು ಅಗಲ ಮಾಡಿದವರು ಬೇರೆಯವರು.

ಉಡುಪಿಯ ಕಡೆಯ ನಂದಳಿಕೆಯ ಕೊಂಕಣಿ ಮನೆತನದಿಂದ ಬಂದ ಬಿಡಾರಂ ಕೃಷ್ಣಪ್ಪನವರು (1866–1931) ಅವರಲ್ಲಿ ಮೊದಲಿಗರು. ಬಡತನವನ್ನುಂಡು ಬೆಳೆದ ಅವರು ಕಛೇರಿಗಳಲ್ಲಿ ದಾಸರ ಪದಗಳಿಗೆ ಗೌರವದ ಸ್ಥಾನವನ್ನು ಕೊಟ್ಟರು. ಸಂಪಾದನೆಯನ್ನು ಮನೆಗೆ ಕೂಡಿಡದೆ ಶಿವರಾಮಪೇಟೆಯಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಶ್ರೋತೃಗಳಿಗೆ ಅಲ್ಲಿ ಅರಮನೆಯ ರಹದಾರಿ ಬೇಕಾಗಿರಲಿಲ್ಲ. ಅವರ ಶಿಷ್ಯರಾದ ಟಿ. ಚೌಡಯ್ಯನವರು (1895–1967) ಇನ್ನೊಂದು ತೊಡಕನ್ನು ಬಿಡಿಸಿದರು. ಸಭೆಗಳು ದೊಡ್ಡವಾದುವು, ಧ್ವನಿವರ್ಧಕವು ಇನ್ನೂ ಬಳಕೆಗೆ ಬಂದಿರಲಿಲ್ಲ, ಹಿಂದೆ ಕುಳಿತವರಿಗೆ ಪಿಟೀಲು ಕೇಳುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗಳಿಗೆ ಮೂರನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ಮಾಡಿದರು. ಐರೋಪ್ಯರ ವಾದ್ಯವು ಕಾವೇರಿ ತೀರದ ತಿರುಮಕೂಡಲಿನವರ ಕೈಯಲ್ಲಿ ಮಾರ್ಪಟ್ಟುದು ಕಡೆಯ ಸಾಲಿನ ಶ್ರೋತೃವಿಗಾಗಿ.

ಮೂರನೆಯ ಬಾಗಿಲನ್ನು ತೆರೆದವರು ಸಂಗೀತಗಾರರಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟ ರೇಡಿಯೋ ನಿಲಯವೊಂದನ್ನು ಆರಂಭಿಸಿದರು. "ಆಕಾಶವಾಣಿ" ಎಂಬ ಹೆಸರು ಈ ನಿಲಯದಿಂದಲೇ ಬೆಳೆದು, ಮುಂದೆ ಇಡೀ ದೇಶದ ರೇಡಿಯೋಗೆ ಸಂದಿತು. ಇನ್ನು ಮೇಲೆ ಕಛೇರಿಯನ್ನು ಕೇಳುವುದಕ್ಕೆ ಸಭೆಗೆ ಹೋಗಲೇಬೇಕೆಂಬುದಿರಲಿಲ್ಲ. ಅಡಿಗೆಮನೆಯಲ್ಲಿದ್ದ ಗೃಹಿಣಿಯೂ ಕೇಳಬಹುದಾಗಿದ್ದಿತು.

1950ರ ಜನವರಿಯಲ್ಲಿ ದೇಶವು ಗಣರಾಜ್ಯವಾಯಿತು. 1971ರಲ್ಲಿ ರಾಜಧನವೂ ನಿಂತಿತು. ಅರಮನೆಯ ಕೊಡುಗೈ ಮುಚ್ಚಿದ ಮೇಲೆ ಮೈಸೂರಿನ ಸಂಗೀತವು ಬಾಡಬೇಕಾಗಿದ್ದಿತು. ಬಾಡಲಿಲ್ಲವೆಂಬುದೇ ಈ ಚರಿತ್ರೆಯ ಸಾರ. ಅರಮನೆಯ ವಾದ್ಯವೃಂದಗಳ ಪರಂಪರೆಯು ಪೊಲೀಸ್ ಇಲಾಖೆಯನ್ನು ಸೇರಿ, ಇಂದಿಗೂ ಆಂಗ್ಲ ಬ್ಯಾಂಡೆಂದೂ ಕರ್ಣಾಟಕ ಬ್ಯಾಂಡೆಂದೂ ಎರಡು ಕವಲಾಗಿ ಉಳಿದಿದೆ. 1960ರ ದಶಕದ ಆರಂಭದಿಂದ ವಾಣಿವಿಲಾಸ ಮೊಹಲ್ಲೆಯ ಎಂಟನೆಯ ಅಡ್ಡರಸ್ತೆಯಲ್ಲಿ ಗಣೇಶೋತ್ಸವದ ಸಂಗೀತವು ನಡೆದುಬರುತ್ತಿದೆ. ಬೀದಿಗೆ ಚಪ್ಪರವನ್ನು ಹಾಕಿ, ಬಡಾವಣೆಯ ಜನರ ನೆರವಿನಿಂದ ಹಿರಿಯ ವಿದ್ವಾಂಸರನ್ನು ಕರೆಯಿಸಿ ಕೇಳುವ ಈ ಪದ್ಧತಿಯಲ್ಲಿ ಆಹ್ವಾನಪತ್ರಕ್ಕೆ ಎಡೆಯಿಲ್ಲ. ದಸರೆಯಲ್ಲಿ ಅರಮನೆಯ ಮುಂದಣ ಅಂಗಳವೇ ಸಾರ್ವಜನಿಕರ ಸಭಾಂಗಣವಾಗುತ್ತದೆ.

ಹೊರಗಿನ ನಾದಗಳೂ ಬರುವುದನ್ನು ನಿಲ್ಲಿಸಿಲ್ಲ. ಅಲಿ ಅಕ್ಬರ್ ಖಾನರ ಶಿಷ್ಯರಾದ ರಾಜೀವ ತಾರಾನಾಥರು (1932–2024) ಅಮೆರಿಕೆಯ ಕ್ಯಾಲಿಫೋರ್ನಿಯಾ ಕಲಾಸಂಸ್ಥೆಯಲ್ಲಿ ವಿಶ್ವಸಂಗೀತ ವಿಭಾಗದ ಭಾರತೀಯ ಶಾಖೆಯನ್ನು ನಡೆಯಿಸಿ, ಬಳಿಕ ಮೈಸೂರಿನಲ್ಲಿ ನೆಲಸಿ, ವೀಣೆಯ ಊರಿಗೆ ಸರೋದನ್ನು ಕಲಿಸಿದರು. ಈ ಊರಿನಲ್ಲಿ ಬೆಳೆದ ರಘು ದೀಕ್ಷಿತರು ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಡನೆ ಹಾಡಿ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೆ ಹೋದರು. ಇಂತಹ ಮಿಶ್ರಣವನ್ನು ಕಂಡು ಮೂಗುಮುರಿಯುವವರು ಪಿಟೀಲಿನ ಚರಿತ್ರೆಯನ್ನು ಒಮ್ಮೆ ನೆನೆಯುವುದು ಲೇಸು. ಎಲ್ಲ ಮಿಶ್ರಣವೂ ಉಳಿಯಲಾರದು, ನಿಜ. ಚೌಡಯ್ಯನವರ ಏಳು ತಂತಿಗಳನ್ನೂ ಮುಂದಿನವರು ಅಷ್ಟಾಗಿ ಅನುಸರಿಸಲಿಲ್ಲ. ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂಬುದನ್ನು ತೀರ್ಮಾನಿಸುವುದು ಕೇಳುವವರ ತಾಳ್ಮೆ. ಕೇಳದೆಯೇ ತಳ್ಳಿಹಾಕುವ ಆತುರವಲ್ಲ.

ಮೈಸೂರಿನಲ್ಲಿ ಸ್ಥಾಪಿತವಾಗಿರುವ ರಾಜ್ಯದ ಸಂಗೀತ ವಿಶ್ವವಿದ್ಯಾನಿಲಯಕ್ಕೆ ಗಂಗೂಬಾಯಿ ಹಾನಗಲ್ಲರ ಹೆಸರಿದೆ. ವೀಣೆಯ ಊರಿನ ವಿದ್ಯಾಲಯಕ್ಕೆ ಹುಬ್ಬಳ್ಳಿಯ ಹಿಂದೂಸ್ಥಾನಿ ಗಾಯಕಿಯ ಹೆಸರೇಕೆಂದು ಯಾರಿಗಾದರೂ ತೋರಬಹುದು. ಆಕೆಯ ಗುರುಗಳಿಗೆ ಗುರುಗಳಾದ ಕರೀಂ ಖಾನರು ಹಾಡಲೆಂದು ಬರುತ್ತಿದ್ದುದು ಇದೇ ಮೈಸೂರಿಗೆ. ಅಂದು ಅತಿಥಿಗೆ ಕೊಟ್ಟ ಆದರವು ಎರಡು ತಲೆಮಾರುಗಳನ್ನು ದಾಟಿ ಹೆಸರಿನ ರೂಪದಲ್ಲಿ ಮನೆಗೆ ಮರಳಿದೆ. ಅಂದು ಆದರಿಸಿದವರು ಪ್ರಭುಗಳು. ಇಂದು ಆ ಕರ್ತವ್ಯವು ಪ್ರತಿಯೊಂದು ಮನೆಯ ಪಾಲಿಗೆ ಬಂದಿದೆ. ಬೀದಿಯ ಚಪ್ಪರದಲ್ಲಿ ಒಂದು ಸಂಜೆ, ಮಕ್ಕಳನ್ನೂ ಜೊತೆಗೆ ಕುಳ್ಳಿರಿಸಿಕೊಂಡು, ಪರಿಚಯವಿಲ್ಲದ ನಾದವೊಂದನ್ನು ಕೊನೆಯವರೆಗೆ ಕೇಳುವವರು ಆ ಕರ್ತವ್ಯವನ್ನು ನೆರವೇರಿಸಿದಂತೆಯೇ ಸರಿ.