ಪಟ್ಟಿ ಸೇರದ ಹೆಸರುಗಳು

ಬಡವರಿಗೆ ಸರ್ಕಾರವೇ ಮನೆ ಕಟ್ಟಿಕೊಡಬೇಕೆಂಬ ವಿಚಾರಕ್ಕೆ ಇಂಗ್ಲೆಂಡಿನಲ್ಲಿ ನೂರು ವರ್ಷ ಮೀರಿದ ಇತಿಹಾಸವಿದೆ. ಎಷ್ಟು ಮನೆ ಕಟ್ಟಿದರು ಎಂಬ ಲೆಕ್ಕದಲ್ಲಿಯೇ ಈ ಇತಿಹಾಸವನ್ನು ಹೇಳುವುದು ವಾಡಿಕೆ. ಆದರೆ ಆ ಮನೆಗಳಿಗಾಗಿ ಕಾದವರ ಪಟ್ಟಿಯನ್ನು ಹಿಡಿದು ಓದಿದರೆ ನಮಗೆ ಬೇರೆಯೇ ಕತೆ ಕಾಣಿಸುತ್ತದೆ.

1890ರ ಕಾನೂನಿನ ಬಲದಿಂದ ಲಂಡನ್ ಕೌಂಟಿ ಕೌನ್ಸಿಲ್ ಪೂರ್ವ ಲಂಡನ್ನಿನ ಓಲ್ಡ್ ನಿಕೋಲ್ ಎಂಬ ಕೊಳೆಗೇರಿಯನ್ನು ಕೆಡವಿ, ಅಲ್ಲಿ ಬೌಂಡರಿ ಎಸ್ಟೇಟ್ ಕಟ್ಟಿತು. 1900ರಲ್ಲಿ ಅದರ ಉದ್ಘಾಟನೆಯಾಯಿತು. ಗಾಳಿ ಬೆಳಕಿದ್ದ ಗಟ್ಟಿಯಾದ ಇಟ್ಟಿಗೆ ಮನೆಗಳು. ಆದರೆ ಒಕ್ಕಲೆಬ್ಬಿಸಲ್ಪಟ್ಟ 5,700ಕ್ಕೂ ಹೆಚ್ಚು ಜನರಲ್ಲಿ ಈ ಹೊಸ ಮನೆಗಳಿಗೆ ಬಂದವರು ಕೇವಲ 11 ಮಂದಿ. ಬಾಡಿಗೆ ಉಳಿದವರ ಕೈಗೆ ಎಟುಕಲಿಲ್ಲ. ಕಾಯಂ ದುಡಿಮೆ ಇದ್ದವರು ಒಳಗೆ ಬಂದರು, ಇಲ್ಲದವರು ಪಕ್ಕದ ಗಲ್ಲಿಗಳಲ್ಲಿ ಇನ್ನಷ್ಟು ಒತ್ತೊತ್ತಾಗಿ ಬದುಕಿದರು.

ಮೊದಲ ಮಹಾಯುದ್ಧ ಮುಗಿದಾಗ, ಹಿಂದಿರುಗಿದ ಸೈನಿಕರಿಗೆ ಒಳ್ಳೆಯ ಮನೆಗಳ ಭರವಸೆ ನೀಡಲಾಯಿತು. 1919ರ ಅಡಿಸನ್ ಕಾಯ್ದೆ 5 ಲಕ್ಷ ಮನೆಗಳ ಗುರಿ ಇಟ್ಟುಕೊಂಡಿತ್ತು. 1921ರಲ್ಲಿ ಸರ್ಕಾರ ಹಣ ಕೊಡುವುದರಿಂದ ಹಿಂದೆ ಸರಿದದ್ದರಿಂದ ಎರಡು ಲಕ್ಷ ಚಿಲ್ಲರೆಗೆ ಕೆಲಸ ನಿಂತಿತು. ಆದರೂ ವಸತಿ ಎಂಬುದು ದಾನವಲ್ಲ, ಸ್ಥಳೀಯ ಆಡಳಿತದ ಹೊಣೆ ಎಂಬ ತತ್ವ ಉಳಿಯಿತು. ಎರಡನೆಯ ಮಹಾಯುದ್ಧದ ನಂತರ ಮಂತ್ರಿ ಅನ್ಯೂರಿನ್ ಬೆವನ್ ಇದನ್ನು ಗಂಭೀರವಾಗಿ ಕೈಗೆತ್ತಿಕೊಂಡರು. ವೈದ್ಯ, ಅಂಗಡಿಯವ, ಕೂಲಿಯಾಳು ಒಂದೇ ಬೀದಿಯಲ್ಲಿ ಬದುಕಬೇಕೆಂಬುದು ಅವರ ಆಸೆ. 1945ರಿಂದ 1951ರೊಳಗೆ ಸುಮಾರು 10 ಲಕ್ಷ ಮನೆಗಳು ಎದ್ದವು, ಐದರಲ್ಲಿ ನಾಲ್ಕು ಕೌನ್ಸಿಲ್ ಮನೆಗಳು. 1979ರ ಹೊತ್ತಿಗೆ ದೇಶದ ಮೂರರಲ್ಲೊಂದು ಕುಟುಂಬ ಇಂಥ ಮನೆಗಳಲ್ಲಿತ್ತು.

ಇದು ಸಣ್ಣ ಸಾಧನೆಯಲ್ಲ. ಆದರೆ ಮನೆಗಿಂತ ಅರ್ಜಿಗಳು ಹೆಚ್ಚಿದ್ದವು. ಪ್ರತಿ ಕೌನ್ಸಿಲ್ಲಿಗೂ ತನ್ನದೇ ಪಟ್ಟಿ, ತನ್ನದೇ ನಿಯಮ. ಬರ್ಮಿಂಗ್‌ಹ್ಯಾಮಿನಲ್ಲಿ ಐದು ವರ್ಷ ವಾಸವಿದ್ದವರಿಗೆ ಮಾತ್ರ ಮನೆಗೆ ಅರ್ಹತೆ. ನಗರದ ಕಾರ್ಖಾನೆಗಳು ಕರೆದವೆಂದು ಬಂದ ಪಾಕಿಸ್ತಾನದ, ವೆಸ್ಟ್ ಇಂಡೀಸಿನ ಕೆಲಸಗಾರರು ಇದರಿಂದ ಹೊರಗುಳಿದರು. ಬೇರೆ ದಾರಿ ಕಾಣದೆ ಕೆಲವರು ಸಾಲ ಸೋಲ ಮಾಡಿ ಸ್ಪಾರ್ಕ್‌ಬ್ರೂಕಿನ ಹಳೆಯ ದೊಡ್ಡ ಮನೆಗಳನ್ನು ಕೊಂಡು, ಸಾಲ ತೀರಿಸಲು ಕೋಣೆ ಕೋಣೆಯನ್ನೂ ಬಾಡಿಗೆಗೆ ಕೊಟ್ಟರು. ಆಗ ಅದೇ ನಗರ, ಬೀದಿಯನ್ನು ಕೆಡಿಸಿದವರೆಂದು ಇವರತ್ತಲೇ ಬೆರಳು ತೋರಿಸಿತು. ಜಾನ್ ರೆಕ್ಸ್ ಮತ್ತು ರಾಬರ್ಟ್ ಮೂರ್ ಎಂಬ ಸಮಾಜಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅನ್ಯಾಯವನ್ನು ಬಿಡಿಸಿಟ್ಟಿತು.

ಬೌಂಡರಿ ಎಸ್ಟೇಟ್ ಇರುವ ಪೂರ್ವ ಲಂಡನ್ನಿನಲ್ಲಿ 1970ರ ದಶಕದಲ್ಲಿ ಬಂಗಾಳಿ ಮುಸ್ಲಿಮರದೂ ಇದೇ ಪಾಡು. ಬಟ್ಟೆ ಹೊಲಿದು ಬದುಕುತ್ತಿದ್ದ ಸಿಲ್ಹೆಟ್ಟಿನ ಕುಟುಂಬಗಳು ಒಂದೊಂದು ಕೋಣೆಯಲ್ಲಿ ತುಂಬಿಕೊಂಡಿದ್ದರೆ, ಪಕ್ಕದಲ್ಲೇ ಕೆಡವಲೆಂದು ಖಾಲಿ ಮಾಡಿಸಿದ್ದ ಸರ್ಕಾರಿ ಕಟ್ಟಡಗಳು ಬೀಗ ಹಾಕಿಕೊಂಡಿದ್ದವು. ಆ ಬೀಗಗಳನ್ನು ಒಡೆದು ಜನ ಒಳಹೊಕ್ಕರು. 1976ರಲ್ಲಿ ಬೆಂಗಾಲಿ ಹೌಸಿಂಗ್ ಆಕ್ಷನ್ ಗ್ರೂಪ್ ಹುಟ್ಟಿತು. ಮರುವರ್ಷ ಗ್ರೇಟರ್ ಲಂಡನ್ ಕೌನ್ಸಿಲ್ ಹೀಗೆ ಒಳಹೊಕ್ಕವರನ್ನು ಮನ್ನಿಸಿ, ಮನೆ ಕೊಡಲು ಒಪ್ಪಿತು. ಮಕ್ಕಳಿರುವ ನಿರ್ವಸತಿಕ ಕುಟುಂಬಗಳಿಗೆ ಸೂರು ಒದಗಿಸುವ ಹೊಣೆಯನ್ನು ಕೌನ್ಸಿಲ್ಲುಗಳ ಮೇಲೆ ಹೊರಿಸಿದ ಕಾನೂನು ಬಂದದ್ದೂ 1977ರಲ್ಲೇ.

1980ರಲ್ಲಿ ಗಾಳಿ ತಿರುಗಿತು. ಥ್ಯಾಚರ್ ಸರ್ಕಾರ ಬಾಡಿಗೆದಾರರಿಗೆ ಅರ್ಧ ಬೆಲೆಯವರೆಗೂ ರಿಯಾಯಿತಿ ಕೊಟ್ಟು ಮನೆಗಳನ್ನು ಮಾರತೊಡಗಿತು. ಕೊಂಡವರಿಗೆ ಒಳ್ಳೆಯದೇ ಆಯಿತು. ಆದರೆ ಮಾರಿದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. 2012ರಲ್ಲಿ ಇಂಗ್ಲೆಂಡಿನ ಪಟ್ಟಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಕುಟುಂಬಗಳಿದ್ದವು. 2018ರ ಹೊತ್ತಿಗೆ ಅದು ಸುಮಾರು 11 ಲಕ್ಷಕ್ಕೆ ಇಳಿಯಿತು. ಅಷ್ಟೊಂದು ಕುಟುಂಬಗಳಿಗೆ ಹೊಸ ಸೂರು ಸಿಕ್ಕಿತೇ? ಇಲ್ಲ. ಪಟ್ಟಿಗೆ ಯಾರು ಸೇರಬಹುದೆಂದು ತೀರ್ಮಾನಿಸುವ ಅಧಿಕಾರವನ್ನು 2011ರ ಕಾನೂನು ಕೌನ್ಸಿಲ್ಲುಗಳಿಗೆ ಬಿಟ್ಟುಕೊಟ್ಟಿತ್ತು. ಅನೇಕ ಕೌನ್ಸಿಲ್ಲುಗಳು ಇಂತಿಷ್ಟು ವರ್ಷ ಊರಲ್ಲಿ ವಾಸವಿರಬೇಕೆಂಬ ಷರತ್ತು ಹಾಕಿದವು. ಬರ್ಮಿಂಗ್‌ಹ್ಯಾಮಿನ ಹಳೆಯ ನಿಯಮ ಹೊಸ ಅಂಗಿ ತೊಟ್ಟು ಬಂದಿತ್ತು.

2024ರ ಮಾರ್ಚಿನಲ್ಲಿ ಪಟ್ಟಿ ಮತ್ತೆ 13 ಲಕ್ಷ ದಾಟಿತ್ತು. ಆ ವರ್ಷದ ಕೊನೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ತಾತ್ಕಾಲಿಕ ವಸತಿಗಳಲ್ಲಿ ದಿನ ದೂಡುತ್ತಿದ್ದರು.

ಪಟ್ಟಿಯನ್ನು ಚಿಕ್ಕದು ಮಾಡಲು ಎರಡು ದಾರಿಗಳಿವೆ. ಮನೆ ಕಟ್ಟುವುದು ಒಂದು, ಹೆಸರು ಹೊಡೆದುಹಾಕುವುದು ಇನ್ನೊಂದು. ಸರ್ಕಾರಿ ದಫ್ತರದಲ್ಲಿ ಎರಡೂ ಒಂದೇ ಬಗೆಯ ಅಂಕಿಯಾಗಿ ಕಾಣುತ್ತವೆ. ಕಾಯುವವರು ಕಡಿಮೆಯಾದರೆಂದು ಯಾವ ಸರ್ಕಾರ ಹೇಳಿಕೊಂಡರೂ, ಅಷ್ಟು ಜನರ ಕೈಗೆ ಬೀಗದ ಕೈ ಬಂತೇ ಎಂದು ನಾವು ಕೇಳಲೇಬೇಕು.